ಜೆಟ್ಟಿಗೆ ಕಾಣದ ಅಳಿವೆ

ಹೊನ್ನಾವರ, ೨೪-೯-೧೯೬೫

ಕೇರಿಯ ರಕ್ಷಣಾ ಸಮಿತಿಯ ಅಧ್ಯಕ್ಷರಾದ ಅನಂತ ಒಡೆಯರ ಸನ್ನಿಧಿಗೆ ಈರಪ್ಪ ಮೊಗೇರ ಅಡ್ಡಬಿದ್ದು ಬರೆಯುವುದು.

ಗೆದ್ದಿರಿ, ಒಡೆಯಾ. ದೊಡ್ಡ ಊರುಗಳಲ್ಲಿ ವೈರಿಯ ಜೆಟ್ ವಿಮಾನ ಹೊಡೆದುರುಳಿಸಲು ತೋಪುಗಳಿವೆ, ನಮಗೆ ಕತ್ತಲೆಯೇ ತೋಪು ಎಂದಿರಿ. ದೋಣಿಗಳಿಗೆ ದಾರಿ ತೋರಲು ಅಮ್ಮ ಅಳಿವೆಯ ದಂಡೆಯಲ್ಲಿಟ್ಟ ಲಾಟೀನನ್ನು ಮೊನ್ನೆ ಸಂಜೆ ಸ್ವಹಸ್ತದಿಂದ ಆರಿಸಿದಿರಿ.

"ಮಗ ಇನ್ನೂ ಬರ್ಲಿಲ್ಲ, ಒಡೆಯಾ" ಎಂದಳು.

"ಎಂತದೇ ನಿಂದು! ಜೆಟ್ಟು ನಿನ್ನ ಲಾಟೀನು ನೋಡ್ಕಂಡೇ ಬತ್ತದೆ" ಎಂದು ಗದರಿದಿರಿ.

ಜೆಟ್ಟಿಗೆ ನಮ್ಮ ಅಳಿವೆ ಕಾಣಲೇ ಇಲ್ಲ. ನನ್ನ ತಮ್ಮ ಮಾಸ್ತಪ್ಪನಿಗೂ ಕಾಣಲಿಲ್ಲ. ದೋಣಿ ಬಂಡೆಗೆ ಬಡಿಯಿತು. ಹೆಣ ಇಂದು ಬೆಳಿಗ್ಗೆ ದಡಕ್ಕೆ ಬಂತು.

ಒಂದೇ ವಿನಂತಿ. ಯುದ್ಧ ನಿನ್ನೆಯೇ ನಿಂತಿತೆಂದು ತಾವೇ ಬಂದು ಅಮ್ಮನಿಗೆ ಹೇಳಬೇಕು. ಹೆಣದ ತಲೆಯ ಬಳಿ ದೀಪ ಹಚ್ಚಲು ಅವಳು ಬಿಡುತ್ತಿಲ್ಲ. "ಬೇಡ, ಒಡೆಯರು ಬೈತ್ರು" ಎನ್ನುತ್ತಾಳೆ.

ತಮ್ಮ ರಕ್ಷಣೆಯಲ್ಲಿ ಕ್ಷೇಮವಾಗಿರುವ,
ಈರಪ್ಪ