ಅಜ್ಜಿಯ ಮೂರು ದಿನದ ಮಡಿ

ಧಾರವಾಡ ಸ್ಟೇಶನ್ನು,
ಕಾರ್ತಿಕ ಶುದ್ಧ ತದಿಗೆ, ರವಿವಾರ ಸಂಜೆ
ತಾ. ೧೧ ನವೆಂಬರ ೧೯೨೩

ಚಿರಂಜೀವಿ ತ್ರ್ಯಂಬಕನಿಗೆ ಅಕ್ಕ ಇಂದುವಿನ ಆಶೀರ್ವಾದಗಳು.

ಹೇಗಿದ್ದೀಯಪ್ಪಾ? ರಮಾ ಬಾಣಂತನ ಮುಗಿಸಿ ಓಡಾಡುವಂತಾದಳೇ? ಕೂಸು ರಾತ್ರಿ ನಿಮಗೆ ಕಣ್ಣು ಮುಚ್ಚಲು ಬಿಡುತ್ತದೆಯೇ? ಪುಣೆಯ ಚಳಿ ಕೆಟ್ಟದ್ದು ಎನ್ನುತ್ತಾರೆ, ತಲೆಗೆ ಕುಂಚಿಗೆ ಕಟ್ಟದೆ ಕೂಸನ್ನು ಹೊರಗೆ ತರಬೇಡಿರಿ. ಇಷ್ಟು ಕೇಳದೆ ಮುಂದಿನದನ್ನು ಬರೆಯಲು ನನಗೆ ಮನಸ್ಸಿಲ್ಲ. ಇನ್ನು ನಿನ್ನ ಸುಲೂ. ನಿನ್ನ ಕಣ್ಣು ಸಾಲು ಹಾರಿಸಿ ಮಗಳ ಹೆಸರನ್ನೇ ಹುಡುಕುತ್ತದೆ ಎಂದು ಬಲ್ಲೆ. ಅವಳು ಈಗ ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದಾಳೆ. ಮಾಳಮಡ್ಡಿಯ ಅಜ್ಜಿಯ ಮನೆಯಲ್ಲಲ್ಲ, ಸ್ಟೇಶನ್ನಿನ ಬಾಕಿನ ಮೇಲೆ. ಅವಳನ್ನು ನಮ್ಮಲ್ಲಿಗೆ, ಹುಬ್ಬಳ್ಳಿಗೆ ಕರೆದುಕೊಂಡು ಹೊರಟಿದ್ದೇನೆ. ಮುಂದಿನ ಶನಿವಾರ ನೀನು ಹೆಂಡತಿ, ಕೂಸು ಸಹಿತ ಬಂದು ಅಜ್ಜಿಯ ಹತ್ತಿರ ಬಿಟ್ಟ ಮಗಳನ್ನು ಕರೆದೊಯ್ಯುವುದೆಂದು ಗೊತ್ತಾಗಿತ್ತಲ್ಲ, ಅದನ್ನು ಬಿಟ್ಟುಬಿಡು. ಬರಬೇಡ. ಮಾಳಮಡ್ಡಿಯ ಮನೆಯಲ್ಲಿ ಇಲಿ ಸತ್ತು ಬಿದ್ದಿವೆ. ಇಲಿ ಬಿದ್ದ ಮನೆಗೆ ಪ್ಲೇಗು ಬರಲು ಎಷ್ಟು ಹೊತ್ತು ಬೇಕು ಎಂಬುದನ್ನು ನಮ್ಮ ಅವ್ವ, ಅಪ್ಪ ಇಬ್ಬರನ್ನೂ ಅದಕ್ಕೇ ಕಳೆದುಕೊಂಡ ನಿನಗೆ ನಾನು ಬರೆದು ತಿಳಿಸಬೇಕಾಗಿಲ್ಲ.

ಮೊದಲಿನಿಂದ ಹೇಳುತ್ತೇನೆ. ನಿನ್ನೆ ನಿನ್ನ ಭಾವನವರ ಕಚೇರಿ ಅರ್ಧ ದಿನ. ಮಧ್ಯಾಹ್ನದ ಗಾಡಿ ಹಿಡಿದೆವು. ಹುಬ್ಬಳ್ಳಿಯ ಹಳೆಯ ಪೇಟೆಯಲ್ಲಿ ದೀಪಾವಳಿಗೆ ಮೊದಲೇ ಇಲಿ ಬಿದ್ದು, ಜನ ಮನೆ ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಂಡಿದ್ದಾರೆ. ನಾವಿರುವ ರೈಲ್ವೆ ಚಾಳು ದೂರ, ಅಲ್ಲಿ ಇನ್ನೂ ಏನೂ ಇಲ್ಲ. ಗಾಡಿಯಲ್ಲಿ ಎದುರಿಗೆ ಕೂತಿದ್ದ ಕಲಾಯಿ ಹಾಕುವ ಗೌಸಸಾಬ ಮನೆಮಂದಿಯನ್ನೆಲ್ಲ ರಾಯಾಪುರದ ಗುಡಿಸಲಿಗೆ ಸಾಗಿಸಿ ಬಂದವನು. "ಬಾಯೀ, ನಮ್ಮ ಓಣ್ಯಾಗ ಬೆಕ್ಕ ಸೈತ ಉಳಿದಿಲ್ರಿ. ಮೊದಲ ಅವs ಹೋಗ್ತಾವ" ಎಂದ. ಹಬ್ಬದ ದಿನ ಇದೇನು ಮಾತು ಎಂದು ನನಗೆ ಸಿಟ್ಟೇ ಬಂತು. ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ. ಅಜ್ಜಿಯ ಹುಟ್ಟುಹಬ್ಬಕ್ಕೆ ಹೋಗುವ ಖುಷಿಯನ್ನು ಅವನೊಬ್ಬ ಕಲಾಯಿಯವನು ಹಾಳು ಮಾಡಬೇಕೇ ಎನ್ನಿಸಿತು.

ಅಜ್ಜಿಯ ಹುಟ್ಟುಹಬ್ಬ ಎಂದರೆ ಏನೆಂದು ರಮಾಳಿಗೆ ನೀನು ಸರಿಯಾಗಿ ಹೇಳಿದ್ದೀಯೋ ಇಲ್ಲವೋ. ಗಂಡ ಹೋದ ಹೆಂಗಸಿಗೆ ಆರತಿ ಇಲ್ಲ, ಹೊಸ ಸೀರೆ ಇಲ್ಲ, ಹುಟ್ಟುಹಬ್ಬ ಎಲ್ಲಿಂದ ಬರಬೇಕು? ಆದರೆ ನಮ್ಮ ಗೋದಾಬಾಯಿ ಅಜ್ಜಿ ಯಾರ ಮಾತು ಕೇಳಿದವಳು! ತನಗೆ ಯಾರೂ ಏನೂ ಮಾಡುವಂತಿಲ್ಲ ಎಂದಮೇಲೆ ತಾನೇ ಎಲ್ಲರಿಗೂ ಮಾಡುತ್ತೇನೆಂದು, ತಾನು ಹುಟ್ಟಿದ ತಿಥಿ, ಅಕ್ಕನ ತದಿಗೆ, ಬಂದಿತೆಂದರೆ ದೊಡ್ಡ ಪಾತ್ರೆಯ ತುಂಬ ಮೊಸರನ್ನ ಕಲಸಿ, ನಮ್ಮನ್ನೆಲ್ಲ ಸುತ್ತ ಕೂಡಿಸಿಕೊಂಡು ಕೈತುತ್ತು ಹಾಕುತ್ತ ಬಂದಿದ್ದಾಳೆ. ಮುದಿ ಮಗ ವೆಂಕಣ್ಣ ಕಾಕಾ ಕೂಡ ಕೈ ಒಡ್ಡಲೇಬೇಕು. ನೀನು ತುತ್ತು ನುಂಗಿ ಮತ್ತೆ ಸಾಲಿನ ಕೊನೆಗೆ ಹೋಗಿ ಕೂಡುತ್ತಿದ್ದೆ, ಕಳ್ಳ. ಅಜ್ಜಿಗೆ ಗೊತ್ತಾಗುತ್ತಿರಲಿಲ್ಲ ಎಂದುಕೊಂಡಿದ್ದೀಯಾ?

ನಿನ್ನೆ ಸಂಜೆ ಮನೆಯೊಳಗೆ ಕಾಲಿಟ್ಟರೆ ಬೇವಿನ ಹೊಗೆ. ಕಣ್ಣು ಉರಿಯುವಷ್ಟು ಹೊಗೆ. ಸೊಳ್ಳೆ ಹೆಚ್ಚಾಗಿವೆ ಎಂದಳು ಕಾಕು. ಉಗ್ರಾಣಕ್ಕೆ ಬೀಗ. ಅಕ್ಕಿಗೆ ಹುಳ ಬಿದ್ದಿವೆ ಎಂದ ಕಾಕಾ. ಕಸಮುಸುರೆಯ ಸಂಗವ್ವ ಎಲ್ಲಿ ಎಂದರೆ ಹಬ್ಬಕ್ಕೆ ಊರಿಗೆ ಹೋಗಿದ್ದಾಳೆ. ಒಂದೊಂದು ಪ್ರಶ್ನೆಗೂ ಒಂದೊಂದು ಉತ್ತರ ಸಿದ್ಧವಾಗಿತ್ತು, ಆದರೆ ಯಾರೂ ನನ್ನ ಮುಖ ನೋಡಿ ಉತ್ತರ ಕೊಡಲಿಲ್ಲ. ಅಜ್ಜಿಗೆ ನಮಸ್ಕಾರ ಮಾಡೋಣವೆಂದು ಹಿತ್ತಲಿಗೆ ಹೋದೆ. ಆಕೆ ಖಾಲಿ ಬಿದ್ದ ದನದ ಕೊಟ್ಟಿಗೆಯಲ್ಲಿ ಚಾಪೆ ಹಾಕಿಕೊಂಡು ಕೂತಿದ್ದಳು. ಬಾಗಿಲಲ್ಲೇ ತಡೆದಳು. "ಅಲ್ಲೇ ನಿಂದರ್ರಿ. ಮಡೀಲೆ ಇದ್ದೇನಿ, ಯಾರೂ ಮುಟ್ಟಬ್ಯಾಡ್ರಿ." ನೆಲಕ್ಕೆ ಹಣೆ ಹಚ್ಚಿ ಎದ್ದು ಬಂದೆ. ಪಾಡ್ಯದ ದಿನದಿಂದ ಆಕೆ ಹೀಗೇ, ಏನೋ ವ್ರತ ಹಿಡಿದಿದ್ದಾಳೆ, ಮೂರು ದಿನದ ಮಡಿಯಂತೆ, ಎಂದು ಕಾಕು ಹೇಳಿದಳು. ಈ ವಯಸ್ಸಿಗೆ ಒಬ್ಬಳೇ ಕೊಟ್ಟಿಗೆಯಲ್ಲಿ ಮಲಗುವುದು ಯಾವ ದೇವರಿಗೆ ಬೇಕಾಗಿದೆಯೋ ಎಂದು ನಾನು ಗೊಣಗಿದೆ. ಆದರೆ ಮಡಿಯ ಮಾತಿಗೆ ಎದುರಾಡಿ ನಮ್ಮ ಮನೆಯಲ್ಲಿ ಯಾರು ಗೆದ್ದಿದ್ದಾರೆ? ಸುಲೂ ಕಾಕುವಿನ ಹತ್ತಿರ ಮಲಗಿದಳು, ಅಜ್ಜಿಯ ಕೌದಿ ಬೇಕೆಂದು ಅತ್ತು ಅತ್ತು ಸುಸ್ತಾಗಿ ಮಲಗಿದಳು.

ಇವತ್ತು ಮಧ್ಯಾಹ್ನ ಅಡಿಗೆ ಮಾಡಿದ್ದು ಕಾಕು. ಮೊಸರನ್ನದ ಪಾತ್ರೆ ಹಿತ್ತಲ ಪಡಸಾಲೆಗೆ ಬಂತು, ನಾವೆಲ್ಲ ಸುತ್ತ ಕೂತೆವು. ಅಜ್ಜಿ ಕೊಟ್ಟಿಗೆಯ ಬಾಗಿಲಲ್ಲಿ ಕಂಬಕ್ಕೆ ಒರಗಿ ನಿಂತಳು, ಕೆಂಪು ಸೀರೆಯ ಸೆರಗನ್ನು ಎಡಗೈಯ ಕೆಳಗೆ ಬಿಗಿಯಾಗಿ ಸಿಕ್ಕಿಸಿಕೊಂಡು. "ಈ ವರ್ಷ ನೀವs ತಿನ್ರಿ. ನಾ ನೋಡ್ತೀನಿ" ಎಂದಳು. ಕಾಕಾ ನಕ್ಕ. "ವಯಸ್ಸಾದಂಗ ಅವ್ವನ ಮಡಿ ಹೆಚ್ಚಾಗ್ಲಿಕತ್ತದ" ಎಂದ. ಸುಲೂಗಾದರೂ ಅಜ್ಜಿಯ ಕೈತುತ್ತು ಸಿಗಲಿ ಎನ್ನಿಸಿತು. ಆಗ ಒಂದು ಉಪಾಯ ಹೊಳೆಯಿತು. ಸುಲೂಳ ಮೈಮೇಲಿನ ಅಂಗಿ ಕಳಚಿದೆ. ಬಟ್ಟೆಗೆ ಮೈಲಿಗೆಯೇ ಹೊರತು ಬತ್ತಲೆ ಕೂಸಿಗೆಲ್ಲಿಯ ಮೈಲಿಗೆ! ನಾವೆಲ್ಲ ಹೀಗೇ ಅಲ್ಲವೇ ಅಜ್ಜಿಯ ತೊಡೆಯ ಮೇಲೆ ಬೆಳೆದದ್ದು? ಮಡಿಯಲ್ಲಿ ಅಡಿಗೆ ಮಾಡುವಾಗ ಕೂಡ ಅಂಗಿ ಕಳಚಿ ಹೋದರೆ ಎತ್ತಿಕೊಳ್ಳುತ್ತಿದ್ದಳು. ಸುಲೂಗೂ ಈ ಹಂಚಿಕೆ ಚೆನ್ನಾಗಿ ಗೊತ್ತು. ಕಿಲಕಿಲ ನಗುತ್ತ ಹಿತ್ತಲು ದಾಟಿ ಓಡಿದಳು.

ಅಜ್ಜಿ ಕೂಗಿದ ಕೂಗು ಇನ್ನೂ ನನ್ನ ಕಿವಿಯಲ್ಲಿದೆ. "ಹಿಡೀರಿ ಆಕೀನ್ನ! ಬಿಡಬ್ಯಾಡ್ರಿ!" ಎಂದು ಚೀರಿ, ಹಿಂದೆ ಹಿಂದೆ ಸರಿದು ಗೋಡೆಗೆ ತಾಗಿ, ಕೈಗೆ ಸಿಕ್ಕ ಕಟ್ಟಿಗೆಯನ್ನು ಕೂಸಿನ ಮೇಲೆ ಎತ್ತಿದಳು. ನಮ್ಮಲ್ಲಿ ಯಾರ ಮೇಲಾದರೂ ಅಜ್ಜಿ ಕೈ ಎತ್ತಿದ್ದನ್ನು ನೀನು ಕಂಡಿದ್ದೀಯಾ? ಸುಲೂ ನಡುಹಿತ್ತಲಲ್ಲಿ ನಿಂತುಬಿಟ್ಟಳು. ನಿನ್ನ ಭಾವನವರು ಓಡಿಹೋಗಿ ಎತ್ತಿಕೊಂಡರು. ಕಾಕಾ ಮತ್ತೆ ಮಡಿಯ ಮಾತೆತ್ತಿ ನಗಲು ನೋಡಿದ, ನಗು ಬರಲಿಲ್ಲ. ನನ್ನ ಕೈಯಲ್ಲಿ ಕೂಸಿನ ಅಂಗಿ ಇತ್ತು. ಬತ್ತಲೆ ಕೂಸು ಮುಟ್ಟಿದರೆ ಕೆಡದ ಮಡಿಗೆ ಇಷ್ಟು ಹೆದರುವುದೇಕೆ? ಇದು ಮಡಿಯಲ್ಲ ಎಂದು ನನಗೆ ಆಗ ಹೊಳೆಯಿತು.

ಎಲ್ಲರೂ ಒಳಗೆ ಹೋದ ಮೇಲೆ ನಾನೊಬ್ಬಳೇ ಕೊಟ್ಟಿಗೆಯ ಕಡೆ ನಡೆದೆ. ಆಕೆ ದೂರದಿಂದಲೇ ಕೈ ಮಾಡಿದಳು. "ಇನ್ನ ಮುಂದ ಬರಬ್ಯಾಡ ಇಂದೂ. ಅಲ್ಲೇ ಕೂತು ಕೇಳು" ಎಂದಳು. ನೀರು ತುಂಬುವ ಹಬ್ಬದ ದಿನ, ಬುಧವಾರ, ಉಗ್ರಾಣ ಸಾರಿಸಲು ಹೋದಾಗ ಅಕ್ಕಿಯ ಚೀಲದ ಹಿಂದೆ ಸತ್ತ ಇಲಿಗಳನ್ನು ಆಕೆಯೇ ಕಂಡಿದ್ದಾಳೆ, ಆಕೆಯೇ ಎತ್ತಿ ಬೆಂಕಿಗೆ ಹಾಕಿದ್ದಾಳೆ. ಕಾಕಾನಿಗೆ ಹೇಳಿದ್ದಕ್ಕೆ ಆತ, "ಹಬ್ಬ ಮುಗೀಲಿ, ಆಮ್ಯಾಲ ನೋಡೋಣು. ಈಗ ಬಾಯಿ ಬಿಟ್ಟರ ಮುನ್ಸಿಪಾಲ್ಟಿಯವರು ಬಂದು ಹಂಚು ಕಿತ್ತು ಮನಿಗೆ ಬೀಗಾ ಹಾಕ್ತಾರ" ಎಂದನಂತೆ. ಪಾಡ್ಯದ ಬೆಳಿಗ್ಗೆ ಆಕೆಗೆ ಜ್ವರ ಬಂತು. ಅದನ್ನು ಮಗನಿಗೂ ಹೇಳಲಿಲ್ಲ. ಸಂಗವ್ವನನ್ನು ಊರಿಗೆ ಕಳಿಸಿದ್ದೂ ಆಕೆಯೇ. ಯಾಕೆ ಹೇಳಲಿಲ್ಲ ಎಂದು ನಾನು ಅಳುತ್ತ ಬೈದೆ. "ಹೇಳಿದ್ರ ಮಂದಿ ಸುತ್ತ ಕೂಡ್ತಿದ್ರು. ತಲಿ ಒತ್ತಾವರು, ಕಾಲು ಒತ್ತಾವರು. ಬ್ಯಾಡ ಅಂದ್ರ ಕೇಳತಿದ್ರೇನು? ಮಡಿ ಅಂದ್ರ ಮಾತ್ರ ಈ ಮನ್ಯಾಗ ಯಾರೂ ಯಾಕ ಅಂತ ಕೇಳೂದಿಲ್ಲ" ಎಂದಳು. ಇಷ್ಟು ಹೇಳುವಾಗ ಒಮ್ಮೆಯೂ ಎಡಗೈಯನ್ನು ಪಕ್ಕೆಯಿಂದ ತೆಗೆಯಲಿಲ್ಲ. ಕಂಕುಳಲ್ಲಿ ಗಡ್ಡೆ ಎದ್ದಿದೆ, ತ್ರ್ಯಂಬಕ.

ಆಮೇಲೆ ಆಕೆ ಹೇಳಿದ್ದನ್ನೂ ಬರೆಯುತ್ತೇನೆ, ನೀನು ತಂದೆ, ನಿನಗೆ ತಿಳಿಯಬೇಕು. ಬುಧವಾರ ರಾತ್ರಿ, ಗುರುವಾರ ರಾತ್ರಿ, ಎಂದಿನಂತೆ ಸುಲೂ ಅಜ್ಜಿಯ ಮಗ್ಗುಲಲ್ಲೇ, ಅದೇ ಕೌದಿಯಲ್ಲೇ ಮಲಗಿದ್ದಳು. "ಜ್ವರಾ ಬಂದ ಗಳಿಗೀಗೆ ದೂರ ಮಾಡೇನಿ. ಅದಕ್ಕೂ ಮೊದಲಿಂದು ನನ್ನ ಕೈಯಾಗಿಲ್ಲ. ಇವತ್ತs ಕರಕೊಂಡು ಹೋಗು. ಆಕೀ ಅರಿವಿ, ಗೊಂಬಿ, ಕೌದಿ, ಏನೂ ಒಯ್ಯಬ್ಯಾಡ" ಎಂದಳು. ನಮಸ್ಕಾರ ಮಾಡಲು ಬಾಗಿದೆ. ಆಕೆ ಬಲಗೈಯನ್ನು ಎತ್ತಿದಳು, ಅಷ್ಟು ದೂರದಿಂದಲೇ ತುತ್ತು ಹಾಕುವವಳಂತೆ ಬೆರಳು ಕೂಡಿಸಿ ನನ್ನ ಕಡೆ ನೀಡಿದಳು. ನಾನು ಬಾಯಿ ತೆರೆದೆ. ನನಗೆ ಬೇರೆ ಏನು ಮಾಡಬೇಕೋ ತಿಳಿಯಲಿಲ್ಲ.

ಒಳಗೆ ದೊಡ್ಡ ರಂಪವಾಯಿತು. ನಾನು ಕಾಕಾನಿಗೆ ಆಡಬಾರದ ಮಾತು ಆಡಿದೆ, ಅದಕ್ಕೆ ನನಗೇನೂ ಪಶ್ಚಾತ್ತಾಪವಿಲ್ಲ. ಮೊದಲು ಸಿಟ್ಟು ಮಾಡಿದ. ಅಜ್ಜಿಯ ಗಡ್ಡೆಯ ಮಾತು ಕೇಳಿದ ಮೇಲೆ ನೆಲಕ್ಕೆ ಕುಸಿದು ಕೂತ. ಈಗ ಕಾಕು ಸತ್ತೂರಿನ ಹೊಲಕ್ಕೆ ಹೋಗಲು ಗಾಡಿ ಕಟ್ಟಿಸುತ್ತಿದ್ದಾಳೆ, ನಿನ್ನ ಭಾವನವರು ಡಾಕ್ಟರರಿಗೆ ಹೇಳಿ ಇಲ್ಲಿಗೆ ಬರುತ್ತಾರೆ. ಕಾಕಾ ಮಾತ್ರ ಅಜ್ಜಿಯನ್ನು ಬಿಟ್ಟು ಬರುವುದಿಲ್ಲ ಎಂದು ಕೊಟ್ಟಿಗೆಯ ಹೊಸ್ತಿಲ ಹತ್ತಿರ ಕೂತಿದ್ದಾನೆ. "ದೂರ ಸರಿಯೋ ವೆಂಕ್ಯಾ, ಮಡೀಲೆ ಇದ್ದೇನಿ" ಎಂದು ಅಜ್ಜಿ ಬೈಯುತ್ತಿದ್ದಳು, ಆತ ಅಳುತ್ತಿದ್ದ. ನಾವು ಹೊರಡುವಾಗ ಕೇಳಿದ್ದು ಅಷ್ಟೇ.

ಗಾಡಿಗೆ ಗಂಟೆ ಹೊಡೆದರು. ನೀನು ಗಾಬರಿಯಾಗಬೇಡ, ಸುಲೂ ಊಟ ಮಾಡಿದ್ದಾಳೆ, ಆಡಿದ್ದಾಳೆ, ಗೆಲುವಾಗಿದ್ದಾಳೆ. ಅವಳನ್ನು ನನ್ನ ಕಣ್ಣಿನ ಹಾಗೆ ಕಾಯುತ್ತೇನೆ. ನೀವು ಪುಣೆಯಲ್ಲೇ ಇದ್ದು ಮೂವರೂ ಸುಖವಾಗಿರಿ, ಅಲ್ಲಿ ಪ್ಲೇಗಿನ ಸೂಜಿ ಹಾಕುತ್ತಿದ್ದರೆ ತಪ್ಪದೆ ಹಾಕಿಸಿಕೊಳ್ಳಿರಿ. ರಮಾಳಿಗೆ ಎಲ್ಲವನ್ನೂ ಓದಿ ಹೇಳಬೇಡ, ಎದೆಹಾಲು ಕುಡಿಸುವವಳು. ಅಕ್ಕನ ತದಿಗೆಯಂದು, ಆರತಿ ಮಾಡಬೇಕಾದ ದಿನ, ತಮ್ಮನಿಗೆ ಇಂಥ ಸುದ್ದಿ ಬರೆಯುವ ಅಕ್ಕ ನಾನೊಬ್ಬಳೇ ಇರಬೇಕು. ನಿನಗೆ ದೇವರು ನೂರು ವರ್ಷ ಆಯುಷ್ಯ ಕೊಡಲಿ.

ನಿನ್ನ ಅಕ್ಕ
ಇಂದು

ತಾ.ಕ. ಹುಬ್ಬಳ್ಳಿ, ಸೋಮವಾರ ಬೆಳಿಗ್ಗೆ. ಟಪಾಲಿಗೆ ಹಾಕುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ. ಸುಲೂ ಎದ್ದವಳು ನನ್ನ ಹತ್ತಿರ ಬರದೆ ಮೂಲೆಗೆ ಹೋಗಿ ಕೂತಿದ್ದಾಳೆ. ಎತ್ತಿಕೊಳ್ಳಲು ಹೋದರೆ "ಮುಟ್ಟಬ್ಯಾಡ ಅತ್ಯಾ, ನಾ ಮಡೀಲೆ ಇದ್ದೇನಿ" ಎನ್ನುತ್ತಾಳೆ. ಅಜ್ಜಿಯನ್ನು ಅಣಕಿಸುತ್ತಿದ್ದಾಳೆ ಎಂದು ಮೊದಲು ನಕ್ಕೆ. ಹಣೆ ಮುಟ್ಟಿ ನೋಡಿದೆ, ಬೆಚ್ಚಗಿದೆ. ಎಡಗೈಯನ್ನು ಪಕ್ಕೆಗೆ ಒತ್ತಿ ಹಿಡಿದಿದ್ದಾಳೆ, ಎತ್ತಲು ಕೊಡುವುದಿಲ್ಲ. ಡಾಕ್ಟರರನ್ನು ಕರೆಯಲು ಇವರು ಓಡಿದ್ದಾರೆ. ಬರಬೇಡ ಎಂದು ಮೇಲೆ ಬರೆದಿದ್ದೇನಲ್ಲ, ಅದನ್ನು ಓದಬೇಡ. ರಮಾಳನ್ನೂ ಕೂಸನ್ನೂ ಅಲ್ಲೇ ಬಿಟ್ಟು, ತಂತಿಯ ದಾರಿ ಕಾಯದೆ, ನೀನೊಬ್ಬನೇ ಸಿಕ್ಕ ಗಾಡಿಗೆ ಹೊರಟು ಬಾ. ನಾನು ಮಡಿ ಕೆಡಿಸಿ ಅವಳನ್ನು ಎತ್ತಿಕೊಂಡೇ ಕೂತಿರುತ್ತೇನೆ.