ಎಂಜಿನ್ನಿನಡಿಯ ತಟ್ಟೆ

ಅಪ್ಪ,

ಬೆಳಗಿನ ಜಾವ ನಾಲ್ಕೂವರೆ. ಗೋಡೆಯಾಚೆಯ ಶೆಡ್ಡಿನಲ್ಲಿ ತಟ್, ತಟ್ ಎಂಬ ಸದ್ದಿಗೆ ಎಚ್ಚರವಾಯಿತು. ಹಿಮಗಾಲದಲ್ಲಿ ಕಾರಿನ ಎಂಜಿನ್ ಬೆಚ್ಚಗಿಡಲೆಂದು ಟೈಮರ್ ಇಟ್ಟಿದ್ದ ಕರೆಂಟಿನ ಹೀಟರ್ ಆಗಷ್ಟೇ ಚಾಲೂ ಆಗಿತ್ತು.

ಚಳಿಗಾಲಕ್ಕೆ ಮೊದಲು ಕೊಂಡ ಹಳೇ ಕಾರು ಎಂಜಿನ್ ತಣಿಸುವ ಕೂಲೆಂಟನ್ನು ವಾರಕ್ಕೊಂದು ಲೀಟರ್ ಕುಡಿಯುತ್ತಿತ್ತು, ನೆಲದ ಮೇಲೆ ಮಾತ್ರ ಒಂದು ಹನಿಯೂ ಇಲ್ಲ. ನಿನ್ನೆ ನಮ್ಮ ಮಾವ, ಗಂಡನ ಅಪ್ಪ ತೌನೊ ಆಯಿಲ್ ಮುಚ್ಚಳ ತೆಗೆದು, ಅದರಡಿಯ ಬಿಳಿ ನೊರೆ ತೋರಿಸಿ ನಕ್ಕರು. "ಒಳಗೆ ಬೆಣ್ಣೆ ಕಡೀತಿದೆಯಲ್ಲಮ್ಮ. ಹೆಡ್ ಗ್ಯಾಸ್ಕೆಟ್ ಹೋಗಿ ಕೂಲೆಂಟ್ ಆಯಿಲಿಗೆ ಸೇರ್ತಿದೆ. ಬೆಳಿಗ್ಗೆ ಟ್ರ್ಯಾಕ್ಟರಿಗೆ ಕಟ್ಟಿ ಗುಜರಿಗೆ ಎಳ್ಕೊಂಡು ಹೋಗ್ತೀನಿ." ಮುಂದಿನ ತಿಂಗಳಿಂದ ವಾರವಾರ ಮಗು ಸೈಮಿಯನ್ನು ದೂರದ ಔಲು ಪಟ್ಟಣದ ಆಸ್ಪತ್ರೆಗೆ ಹೇಗೆ ಕರೆದೊಯ್ಯಲಿ ಎಂಬ ಚಿಂತೆಯಲ್ಲೇ ಕಣ್ಣು ಮುಚ್ಚಿದ್ದೆ.

ಎದ್ದು ಹೋಗಿ ಶೆಡ್ಡಿನ ಬಾಗಿಲು ತೆರೆದಿಟ್ಟೆ. ನಿನ್ನ ಗ್ಯಾರೇಜಿನಲ್ಲಿ ನೀನು ಮಾಡುತ್ತಿದ್ದಂತೆ, ಬಿಸಿಯೇರುವ ಮೊದಲೇ ಕೂಲೆಂಟ್ ಟ್ಯಾಂಕಿನ ಮುಚ್ಚಳ ತೆಗೆದು ಎಂಜಿನ್ ಶುರುಮಾಡಿದೆ. ಗ್ಯಾಸ್ಕೆಟ್ ಹೋಗಿದ್ದರೆ ಗುಳ್ಳೆ ಏಳಬೇಕಿತ್ತು. ಒಂದೂ ಏಳಲಿಲ್ಲ. ಆ ನೊರೆ, ಚಳಿಯಲ್ಲಿ ಅಂಗಡಿಯವರೆಗಷ್ಟೇ ಓಡಿಸಿ, ಪೂರ್ತಿ ಬಿಸಿಯಾಗದ ಎಂಜಿನ್ನಿನಲ್ಲಿ ತೇವ ಕಟ್ಟಿದ್ದರ ಫಲ. ಎಂಜಿನ್ ಆರಿಸಿ ಕೆಳಗೆ ಮಲಗಿ ಟಾರ್ಚ್ ಬಿಟ್ಟೆ. ಹೀಟರಿನ ಸೀಲಿನಿಂದ ಅದೇ ತಟ್, ತಟ್ ಎಂದು ಹನಿ ಬೀಳುತ್ತಿತ್ತು. ನೆಲಕ್ಕೆ ಬೀಳದ ಕೂಲೆಂಟೆಲ್ಲ ಎಂಜಿನ್ನಿನಡಿಯ ಪ್ಲಾಸ್ಟಿಕ್ ತಟ್ಟೆಯಲ್ಲಿ ತುಂಬಿತ್ತು. ಕತ್ತಲಲ್ಲೇ ನಕ್ಕುಬಿಟ್ಟೆ.

ಮಾವನನ್ನು ಫೋನಿನಲ್ಲಿ ಎಬ್ಬಿಸಿದೆ. "ಹಗ್ಗ ಬೇಡ ಮಾವ, ಸ್ಪ್ಯಾನರ್ ತನ್ನಿ. ಗ್ಯಾಸ್ಕೆಟ್ ಚೆನ್ನಾಗಿದೆ, ಸೋರ್ತಿರೋದು ಹೀಟರ್ ಸೀಲು."

"ಇದನ್ನೂ ಕಾಲೇಜಲ್ಲಿ ಹೇಳ್ಕೊಟ್ರಾ?"

"ಇಲ್ಲ, ನಮ್ಮಪ್ಪ."

ಮಾವ ಹಾಸಿಗೆಯಿಂದೆದ್ದ ಸದ್ದು ಕೇಳಿಸಿತು. "ಹಾಗಾದ್ರೆ ಸರಿಯಾಗೇ ಇರತ್ತೆ ಬಿಡು."

ನಾನು ಗೆದ್ದೆ ಅಪ್ಪ. ಆದರೆ ಹೊಸ ಸೀಲು ಹಾಕಿ ಹೀಟರನ್ನು ಎಷ್ಟು ಬಿಗಿಸಬೇಕೆಂದು ಗೊತ್ತಿಲ್ಲ. ನೀನು ತೀರಿಹೋಗಿ ಎರಡು ವರ್ಷವಾದರೂ ನಿನ್ನ ನಂಬರ್ ಅಳಿಸಿಲ್ಲ, ಅಂದು ನಾನು ಎತ್ತದೇ ಬಿಟ್ಟ ನಿನ್ನ ಕೊನೆಯ ಕರೆಯನ್ನೂ. ಮಾವ ಬರುವುದು ಏಳಕ್ಕೆ. ಬೆಳಗಾಗುವ ಮುಂಚೆ ಒಂದೇ ಒಂದು ಸಲ ಫೋನ್ ಮಾಡು. ಈ ಸಲ ಎತ್ತುತ್ತೇನೆ.