ಕೊನೇ ಸೀಟು ಈಗ ಆನ್‌ಲೈನ್

ಮಾರ್ಚ್ 4, ಸಂಜೆ ಏಳೂವರೆ

ಇಡೀ ದಿನ ಪರದೆಗಳು. ಒಂದೇ ಹೋಟೆಲಿನವು, ಒಂದೇ ಬಣ್ಣ. ಟೋಕನ್ ಚೀಟಿಗೆ ಪಿನ್ ಚುಚ್ಚಿ ಚುಚ್ಚಿ ಹೆಬ್ಬೆರಳು ಉರಿಯುತ್ತಿದೆ. ಡ್ರೈ ಕ್ಲೀನಿಂಗ್ ಅಂಗಡಿಯ ಕೌಂಟರ್ ಎಂದರೆ ಕೂತು ಮಾಡುವ ಆರಾಮದ ಕೆಲಸ ಅಂದುಕೊಳ್ಳುತ್ತಾರೆ ಜನ. ಬಂದು ಕೂರಲಿ.

ಮಧ್ಯಾಹ್ನ ಬ್ಯಾಗಿನಲ್ಲಿ ಇವರ ಫೋನ್ ಗುಂಯ್ ಎಂದಿತು. ಇವರು ಹೋಗಿ ಮೂರು ತಿಂಗಳಾಯಿತು, ಇನ್ನೂ ಚಾರ್ಜ್ ಮಾಡಿ ಜೊತೆಗಿಟ್ಟುಕೊಂಡು ಓಡಾಡುತ್ತೇನೆ. ಯಾಕೆ ಎಂದು ಯಾರೂ ಕೇಳಿಲ್ಲ, ಪುಣ್ಯ. ಕಂಪ್ಯೂಟರ್ ಆಟ ಮಾರುವ ಆ ಆನ್‌ಲೈನ್ ಅಂಗಡಿಯ ಮೆಸೇಜ್. 'ನಿಮಗೆ ಇಷ್ಟವಾಗುವ ಆಟಗಳು ಅರ್ಧ ಬೆಲೆಗೆ.' ಅಳಿಸಲು ಹೋದೆ, ಆಪ್ ತೆರೆದುಕೊಂಡಿತು. ಇವರ ಫೋಟೋ ಇರಬೇಕಾದ ಕಡೆ ಒಂದು ಬಸ್ಸಿನ ಚಿತ್ರ. ಹೆಸರು 'ಕೊನೇ ಸೀಟು'. ಪಕ್ಕದಲ್ಲಿ ಹಸಿರು ಚುಕ್ಕೆ. ಕೆಳಗೆ — ಈಗ ಬಸ್ ಆಟ ಆಡುತ್ತಿದ್ದಾರೆ.

ಯಾರು ಆಡುತ್ತಿದ್ದಾರೆ?

ಊಟದ ಡಬ್ಬಿ ಮುಚ್ಚಿಟ್ಟೆ.

ಮಾರ್ಚ್ 5, ಸಂಜೆ

ಬೆಳಿಗ್ಗೆ ಚುಕ್ಕೆ ಮಂಕು. ಹನ್ನೊಂದಕ್ಕೆ ಹಸಿರು. ಊಟದ ಹೊತ್ತು ದಾಟಿದ ಮೇಲೆ ಮತ್ತೆ ಮಂಕು. ಕಳ್ಳನಿಗೂ ಡ್ಯೂಟಿ ಟೈಮ್ ಇದ್ದ ಹಾಗಿದೆ.

ಆಟದಂಗಡಿಯವರೇ ಆ ಚುಕ್ಕೆ ಹಚ್ಚುತ್ತಾರೋ ಏನೋ. ಸತ್ತವರ ದೀಪ ಉರಿಯುತ್ತಿದ್ದರೆ ಅವರಿಗೆ ಗಿರಾಕಿ ಲೆಕ್ಕ ಜಾಸ್ತಿ ಕಾಣುತ್ತದಲ್ಲ. ಯಾರಿಗೆ ಗೊತ್ತು.

ಇವರಿಗೆ ಬಸ್ ಎಂದರೆ ಪ್ರಾಣ. ಡ್ರೈವರ್ ಆಗಬೇಕೆಂದು ಹೋದವರು ಕಣ್ಣಿನ ಪರೀಕ್ಷೆಯಲ್ಲಿ ಬಿದ್ದರು. ಕೆಂಪು ಹಸಿರು ಗೊತ್ತಾಗುತ್ತಿರಲಿಲ್ಲ. ಡಿಪೋದ ಟೈರ್ ಸೆಕ್ಷನ್‌ನಲ್ಲೇ ಇಪ್ಪತ್ತು ವರ್ಷ. ಸಂಜೆ ಮನೆಗೆ ಬಂದು ಕೈ ತೊಳೆದು ಚಿಕ್ಕ ರೂಮಿಗೆ ಹೋದರೆ ಅಲ್ಲಿ ಇವರೇ ಡ್ರೈವರ್. ಆ ಆಟದಲ್ಲಿ ರಸ್ತೆ, ಸ್ಟಾಪು, ಅಂಗಡಿ ಎಲ್ಲ ನಾವೇ ಕಟ್ಟಬಹುದಂತೆ. ವರ್ಷಗಟ್ಟಲೆ ಏನೋ ಕಟ್ಟುತ್ತಿದ್ದರು. 'ಬಾ, ಒಂದು ಸುತ್ತು ಹೋಗೋಣ' ಅನ್ನುತ್ತಿದ್ದರು. ಕುಕ್ಕರ್ ಇಟ್ಟಿದ್ದೀನಿ ಅನ್ನುತ್ತಿದ್ದೆ.

ಆ ರೂಮಿಗೆ ನಾನು ಹೋಗಿಲ್ಲ. ಗುಡಿಸುವುದೆಲ್ಲ ಅತ್ತೆ. ಬಾಗಿಲ ಹಿಡಿ ಮುಟ್ಟಿದರೆ ಕೈ ಹಿಂದಕ್ಕೆ ಬರುತ್ತದೆ.

ಮಾರ್ಚ್ 7, ಭಾನುವಾರ

ಮೈದುನ ಬಂದಿದ್ದ. ಮೊಬೈಲ್ ರಿಪೇರಿ ಅಂಗಡಿ ಅವನದು, ಬೆರಳಲ್ಲಿ ಯಾವಾಗಲೂ ಸ್ಕ್ರೂ ತಿರುಗಿಸಿದ ಗೀರು. ಕಾಫಿ ಕೊಟ್ಟೆ. ಲೋಟದೊಳಗೆ ನೋಡುತ್ತ ಕೇಳಿದ.

"ಅತ್ತಿಗೆ, ಆ ಕಂಪ್ಯೂಟರ್ ಏನ್ ಮಾಡೋಣ ಅಂತಿದ್ದೀರಾ?"

"ಯಾಕೆ?"

"ಸುಮ್ನೆ ಕೇಳ್ದೆ. ಮಾರೋ ಯೋಚನೆ ಏನಾದ್ರೂ..."

"ಮಾರಿದ್ರೆ ಅದರೊಳಗಿನ ಆಟಗಳೂ ಹೋಗ್ತವಾ?"

"ಇಲ್ಲ, ಅವು ಅಂಗಡಿ ಹತ್ರಾನೇ ಇರ್ತವೆ. ಪಾಸ್‌ವರ್ಡ್ ಇದ್ದೋರು ಯಾವ ಕಂಪ್ಯೂಟರಲ್ಲಿ ಬೇಕಾದ್ರೂ ಆಡಬಹುದು."

"ಪಾಸ್‌ವರ್ಡ್ ಯಾರ ಹತ್ರ ಇದೆ?"

ಅವನು ಅತ್ತೆಯ ಮುಖ ನೋಡಿದ. ಅತ್ತೆ, "ಕಾಫಿ ಆರೋಗುತ್ತೆ, ಕುಡಿಯೋ. ಮಾತು ಎಲ್ಲಿಗೂ ಓಡಿಹೋಗಲ್ಲ" ಅಂದರು.

"ಅಣ್ಣಂಗೆ ಗೊತ್ತಿತ್ತು" ಅಂದ ಮೈದುನ. ಒಂದೇ ಗುಟುಕಿಗೆ ಕುಡಿದು ಎದ್ದ.

ಸುಳ್ಳು ಹೇಳುವಾಗ ಕಾಫಿ ಸುಟ್ಟರೂ ಗೊತ್ತಾಗುವುದಿಲ್ಲ ಅಂತ ಕಾಣುತ್ತದೆ.

ಅಣ್ಣತಮ್ಮ ಇದೇ ಹಾಲ್‌ನಲ್ಲಿ ಜಗಳವಾಡುತ್ತಿದ್ದದ್ದು ನೆನಪಾಯಿತು. ಆಟವನ್ನು ಹೇಗೆ ಕೊಳ್ಳಬೇಕು ಅಂತ. ಇವನದು ಡಿಸ್ಕ್ ಪಕ್ಷ. "ಡಿಸ್ಕ್ ಆದ್ರೆ ಕೈಲಿರುತ್ತೆ ಅಣ್ಣಾ. ಬೇಜಾರಾದ್ರೆ ಮಾರು, ಇಲ್ಲ ಯಾರಿಗಾದ್ರೂ ಕೊಡು. ಈ ಗಾಳಿಯಲ್ಲಿರೋ ಅಂಗಡೀನ ಏನಂತ ನಂಬ್ತೀಯಾ?" ಇವರು ನಗುತ್ತಿದ್ದರು. "ನಿನ್ ಮಗಳು ಡಿಸ್ಕ್ ಮೇಲೆ ಮೊಳೆಯಲ್ಲಿ ಹೂ ಬಿಡಿಸಿದ್ಲಲ್ಲ, ಅದನ್ನ ಯಾರಿಗೆ ಕೊಡ್ತೀಯೋ? ನನ್ ಹಳೇ ಕಂಪ್ಯೂಟರ್ ಸುಟ್ಟೋದಾಗ ಹೆಸರು ಹೊಡೆದೆ, ಪಾಸ್‌ವರ್ಡ್ ಹೊಡೆದೆ, ಆಟಾನೂ ಬಂತು, ಹಾಕಿದ್ ರಸ್ತೆನೂ ಬಂತು. ಅಂಗಡಿಗೆ ಬಾಗಿಲೇ ಇಲ್ಲ ಅಂದ್ಮೇಲೆ ಮುಚ್ಚೋದೆಲ್ಲಿ ಬಂತು?"

ನನಗೆ ಆಗ ಇವರ ಮಾತೇ ಸರಿ ಅನ್ನಿಸಿತ್ತು.

ಮಾರ್ಚ್ 9, ರಾತ್ರಿ ಊಟಕ್ಕೆ ಮುಂಚೆ

ಇವತ್ತು ಒಬ್ಬ ಹೆಂಗಸು ಬಂದರು. ಟೋಕನ್ ಇಲ್ಲ. "ನಮ್ಮೆಜಮಾನರು ಸೂಟ್ ಕೊಟ್ಟಿದ್ರು. ಅವರು ಹೋಗ್ಬಿಟ್ರು" ಅಂದರು.

ನಮ್ಮಲ್ಲಿ ಟೋಕನ್ ಇಲ್ಲದೆ ಮಂತ್ರಿ ಬಂದರೂ ಬಟ್ಟೆ ಕೊಡುವುದಿಲ್ಲ. ಆದರೆ ಇಂಥದಕ್ಕೆ ಮಾತ್ರ ಓನರ್ ಒಂದು ಪದ್ಧತಿ ಮಾಡಿದ್ದಾರೆ. ಮನೆಯವರು ಬಂದು ಹೀಗಾಯಿತು ಎಂದು ಬಾಯಿಬಿಟ್ಟು ಹೇಳಬೇಕು. ಜೇಬಿನಲ್ಲಿ ಏನಿತ್ತು ಅಂತ ಒಂದು ಪ್ರಶ್ನೆ. ಜೇಬಿನಲ್ಲಿ ಸಿಕ್ಕಿದ್ದನ್ನು ನಾವು ಕವರಿಗೆ ಹಾಕಿ ಹ್ಯಾಂಗರಿಗೇ ಸಿಕ್ಕಿಸಿರುತ್ತೇವೆ.

"ಲವಂಗ ಇರುತ್ತೆ. ಹಲ್ಲು ನೋವು ಅಂತ ಇಟ್ಕೊಳ್ತಿದ್ರು."

ಲವಂಗವೇ ಇತ್ತು. ಓನರ್ ಎದ್ದು ನಿಂತು ಎರಡೂ ಕೈಯಲ್ಲಿ ಕೊಟ್ಟರು. ತೊಳೆದದ್ದಕ್ಕೆ ಏನೂ ತೆಗೆದುಕೊಳ್ಳಲಿಲ್ಲ.

ಬಸ್ಸಿನಲ್ಲಿ ಬರುವಾಗ ಹೊಳೆಯಿತು. ನಾನೂ ಹೇಳಬೇಕು. ಆ ಆಟದಂಗಡಿಯವರಿಗೆ ಹೇಳಿದರೆ ಆಯಿತು. ನಿಜ ಹೇಳಿದರೆ ಕಳ್ಳನನ್ನು ಓಡಿಸಿ ಇವರದನ್ನು ನಮಗೆ ಕೊಡುತ್ತಾರೆ.

ಮಾರ್ಚ್ 10, ಸಂಜೆ ಆರು

ಹೇಳೋಣವೆಂದರೆ ಯಾರಿಗೆ? ಆಪ್ ಪೂರ್ತಿ ಹುಡುಕಿದೆ. ವಿಳಾಸವಿಲ್ಲ, ಫೋನ್ ನಂಬರಿಲ್ಲ. ಅಂಗಡಿ ಎಂದ ಮೇಲೆ ಒಂದು ಗಲ್ಲಾ ಬೇಡವೆ, ಅದರ ಹಿಂದೆ ಒಂದು ಮೂತಿ ಬೇಡವೆ? ಕೊಳ್ಳುವುದಕ್ಕೆ ಎಲ್ಲಿ ಒತ್ತಿದರೂ ದಾರಿ ಇದೆ. ಮಾತಾಡುವುದಕ್ಕೆ ಮಾತ್ರ ಎಲ್ಲೋ ತಳದಲ್ಲಿ ಇರುವೆ ಕಾಲಿನಷ್ಟು ಸಣ್ಣ ಅಕ್ಷರ. ಒತ್ತಿದರೆ ಯಂತ್ರ ಕೇಳುತ್ತದೆ — ನಿಮ್ಮ ಸಮಸ್ಯೆ ಯಾವ ಬಗೆಯದು? ಅದು ಕೊಟ್ಟ ಯಾವ ಬಗೆಯಲ್ಲೂ ಸಾವು ಇರಲಿಲ್ಲ. 'ಇತರೆ' ಒತ್ತಿದೆ.

ಬರೆದೆ. 'ಈ ಖಾತೆ ನನ್ನ ಗಂಡನದು. ಅವರು ಡಿಸೆಂಬರ್‌ನಲ್ಲಿ ತೀರಿಕೊಂಡರು. ಈಗ ಯಾರೋ ಅವರ ಹೆಸರಿನಲ್ಲಿ ಆಡುತ್ತಿದ್ದಾರೆ. ಅವರನ್ನು ತಡೆದು, ಇವರ ಆಟಗಳನ್ನು ಮನೆಯವರಿಗೆ ಕೊಡಿ.' ಮರಣ ಪತ್ರದ ಫೋಟೋ ಹಾಕಿದೆ. ಜೇಬಿನಲ್ಲಿ ಏನಿತ್ತು ಎಂದು ಕೇಳಿದರೆ ಹೇಳುವುದಕ್ಕೆ ತಯಾರಾಗಿದ್ದೆ. ಕೇಳಲಿಲ್ಲ.

ಅತ್ತೆ ಬಾಗಿಲಲ್ಲಿ ನಿಂತು "ಯಾರಿಗೇ ಅಷ್ಟುದ್ದ ಬರೀತಿದ್ದೀಯ?" ಅಂದರು. ಇವರ ಡಿಪೋ ಆಫೀಸಿಗೆ ಅಂದೆ. ಅವರ ಹತ್ತಿರ ಹೇಳಿದರೆ ಮೈದುನನಿಗೆ ಹೋಗುತ್ತದೆ.

ಮಾರ್ಚ್ 13

ಮೂರು ದಿನದಿಂದ ಹಸಿರಿಲ್ಲ. ಆಟದಂಗಡಿಯವರು ಕೆಲಸ ಶುರುಮಾಡಿರಬೇಕು.

ಮನೆಯ ಇಂಟರ್‌ನೆಟ್ಟಿನ ಗಡುವೂ ಮುಗಿದುಹೋಗಿದೆ. ಯಾರಿಗೆ ಬೇಕು ಎಂದು ಬಿಟ್ಟಿದ್ದೇನೆ. ಅತ್ತೆ ಟಿವಿಯ ರಿಮೋಟನ್ನೇ ಮುಟ್ಟುವವರಲ್ಲ.

ಕರೆಂಟ್ ಬಿಲ್ ಮಾತ್ರ ಇವರಿದ್ದಾಗ ಬರುತ್ತಿದ್ದಷ್ಟೇ ಬಂದಿದೆ. ಇದೂ ಒಂದು ವಿಚಿತ್ರ. ಮೀಟರ್ ನೋಡುವವನನ್ನು ಕೇಳಬೇಕು.

ಮಾರ್ಚ್ 15, ಸಂಜೆ

ಉತ್ತರ ಬಂದಿದೆ.

'ನಿಮ್ಮ ನಷ್ಟಕ್ಕೆ ನಮ್ಮ ಸಂತಾಪ.' ಆಮೇಲೆ — ಖಾತೆ ಒಬ್ಬರದು, ಇನ್ನೊಬ್ಬರಿಗೆ ಕೊಡಲು ಬರುವುದಿಲ್ಲ. ಗ್ರಾಹಕರು ಕೊಂಡದ್ದು ಆಟವನ್ನಲ್ಲ, ಆಡುವ ಅನುಮತಿಯನ್ನು. ಆ ಅನುಮತಿ ಅವರೊಂದಿಗೆ ಮುಗಿಯಿತು. ನೀವು ತಿಳಿಸಿದಂತೆ ಸುರಕ್ಷತೆಗಾಗಿ ಖಾತೆಯನ್ನು ಶಾಶ್ವತವಾಗಿ ಮುಚ್ಚಿದ್ದೇವೆ. ಕೆಳಗೆ ಐದು ನಕ್ಷತ್ರ. ನಮ್ಮ ಸೇವೆ ಹೇಗಿತ್ತು?

ನಾನು ತಿಳಿಸಿದಂತೆ!

ಹೋಗಲಿ. ಕಳ್ಳನಿಗಂತೂ ಬಾಗಿಲು ಹಾಕಿತು. ಅಷ್ಟೇ ಬೇಕಾಗಿದ್ದದ್ದು. ಅಷ್ಟೇ ಅಂದುಕೊಂಡು ಮಲಗುತ್ತೇನೆ.

ಮಾರ್ಚ್ 16, ಮಧ್ಯಾಹ್ನ ಮೂರು

ಅತ್ತೆ ಮಲಗಿದ್ದಾರೆ, ಈಗಲೇ ಬರೆದುಬಿಡುತ್ತೇನೆ.

ನಮ್ಮಂಗಡಿಯಲ್ಲಿ ಬಾಯ್ಲರ್ ಕೆಟ್ಟಿತು. ಹನ್ನೊಂದಕ್ಕೇ ಮನೆಗೆ ಬಂದೆ. ಹಾಲ್‌ನಲ್ಲಿ ಅತ್ತೆ ಇಲ್ಲ. ಚಿಕ್ಕ ರೂಮಿನ ಬಾಗಿಲು ಓರೆ. ಒಳಗಿಂದ ಬಸ್ ಎಂಜಿನ್ನಿನ ಸದ್ದು.

ಮೈದುನನೇ ಅಂದುಕೊಂಡು ಬಾಗಿಲು ತಳ್ಳಿದೆ. ಹಿಡಿ ಮುಟ್ಟಿದ್ದೂ ಗೊತ್ತಾಗಲಿಲ್ಲ.

ಇವರ ಕುರ್ಚಿಯಲ್ಲಿ ಅತ್ತೆ. ಕಾಲಿಗೆ ಚಪ್ಪಲಿ, ತೊಡೆಯ ಮೇಲೆ ಕೈಚೀಲ, ತಲೆ ಬಾಚಿ ನೀಟಾಗಿ ಕೂತಿದ್ದಾರೆ. ಎದುರಿಗೆ ಸ್ಕ್ರೀನ್‌ನಲ್ಲಿ ಬಸ್ಸಿನ ಒಳಗು. ಕೊನೇ ಸೀಟಿನಿಂದ ಕಾಣುವ ಹಾಗೆ. ಬಸ್ಸು ತಾನಾಗಿ ಹೋಗುತ್ತಿದೆ.

"ಬಂದ್ಯಾ? ಕೂತ್ಕೋ. ಈಗ ತಾನೇ ಮಾರ್ಕೆಟ್ ದಾಟ್ತು" ಅಂದರು. ಸಿಕ್ಕಿಬಿದ್ದವರ ಮುಖವೇ ಅಲ್ಲ.

"ಅತ್ತೆ... ಇದು ಯಾರು ಹಾಕ್ಕೊಟ್ಟಿದ್ದು?"

"ಚಿಕ್ಕೋನು. ಕಂಪ್ಯೂಟರ್ ಯಾವಾಗ್ಲೂ ಆನ್ ಇರುತ್ತೆ, ನಾನು ಈ ಟಿವಿ ಥರದ್ದರ ಬಟನ್ ಒಂದನ್ನೇ ಒತ್ತೋದು. ಆಮೇಲೆ ಈ ದೊಡ್ಡ ಕೀ ಒತ್ತಿದ್ರೆ ಬಸ್ಸು ಹೊರಡುತ್ತೆ. ನಾನೇ ಹೇಳಿದ್ದೆ, ಅತ್ತಿಗೆಗೆ ಹೇಳ್ಬೇಡ, ಆ ಬಾಗಿಲು ಮುಟ್ಟೋಕೂ ಅವಳಿಗೆ ಆಗ್ತಿಲ್ಲ ಅಂತ. ನನ್ನ ಮೊಣಕಾಲು ಹಿಡಿದ ಮೇಲೆ ಹೊರಗೆ ಹೋಗಿದ್ದೀನಾ ನಾನು? ದೊಡ್ಡೋನೇ ಅಂತಿದ್ದ, ಅಮ್ಮಾ ನಿಂಗೋಸ್ಕರ ಒಂದು ರೂಟ್ ಹಾಕ್ತೀನಿ, ಮೆಟ್ಲು ಹತ್ತೋ ಹಾಗಿಲ್ಲ, ಚಿಲ್ಲರೆ ಕೇಳೋರಿಲ್ಲ ಅಂತ."

ಸ್ಟಾಪುಗಳ ಬೋರ್ಡು ಒಂದೊಂದಾಗಿ ಬಂತು. 'ಅಮ್ಮನ ಮೊಣಕಾಲು.' 'ಸಾಲ ಕೇಳಬೇಡಿ.' 'ತಮ್ಮನ ಡಿಸ್ಕ್ ಮ್ಯೂಸಿಯಂ.' ಅತ್ತೆ ಪ್ರತಿ ಬೋರ್ಡಿಗೂ ಹೊಸದಾಗಿ ನಗುತ್ತಿದ್ದರು. ನಾನೂ ನಕ್ಕೆ. ನಗುತ್ತ ಇದ್ದಾಗಲೇ ನೆನಪಾಯಿತು, ನಿನ್ನೆ ಬಂದ ಉತ್ತರ.

ಅತ್ತೆಗೆ ಹೇಳಲಿಲ್ಲ. ಕುಕ್ಕರ್ ಇಡುತ್ತೇನೆ ಎಂದು ಎದ್ದು ಬಂದೆ. ಮತ್ತೆ ಅದೇ ಕುಕ್ಕರ್.

ಮಾರ್ಚ್ 18

ಮೈದುನನ ಅಂಗಡಿಗೆ ಹೋಗಿ ಎಲ್ಲ ಹೇಳಿದೆ. ಅವನನ್ನು ಕಳ್ಳ ಅಂದುಕೊಂಡದ್ದನ್ನೂ ಹೇಳಿದೆ.

"ಅರ್ಧ ಕಳ್ಳ ನಾನು ಅತ್ತಿಗೆ. ಪಾಸ್‌ವರ್ಡ್ ನಂಗೆ ಗೊತ್ತಿತ್ತು, ಅಣ್ಣಂಗೆ ಗೊತ್ತಿತ್ತು ಅಂತ ಜಾರ್ಕೊಂಡೆ. ನೀವು ಕಂಪ್ಯೂಟರ್ ಮಾರಿಬಿಟ್ರೆ ಅಮ್ಮಂಗೆ ಏನು ಅಂತ ಭಯ."

"ಅಕೌಂಟ್ ಮುಚ್ಚಿದ್ದಾರೆ. ಮತ್ತೆ ಹೇಗೆ ಓಡ್ತಿದೆ?"

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. "ನೆಟ್ ಕಟ್ ಆಗಿದೆಯಲ್ಲ, ಮುಚ್ಚಿರೋ ವಿಷಯ ಆ ಕಂಪ್ಯೂಟರಿಗೆ ಇನ್ನೂ ತಲುಪಿಲ್ಲ. ಆಟ ತೆಗೆದೇ ಇದೆ, ಓಡ್ತಾ ಇದೆ. ಆಫ್ ಆಗಿ ಆನ್ ಆದ್ರೆ ಮೊದಲು ಅಂಗಡೀನ ಕೇಳುತ್ತೆ. ನೆಟ್ ಇಲ್ದೆ ತೆರೆಯೋದೇ ಇಲ್ಲ, ನೆಟ್ ಕೊಟ್ರೆ ಅಂಗಡಿ ಆಗಲ್ಲ ಅನ್ನುತ್ತೆ. ಅಷ್ಟೇ."

"ಅವರು ಹಾಕಿದ ರಸ್ತೆ?"

"ಅದೂ ಆ ಆಟದೊಳಗೇ. ಬೇರೆಲ್ಲೂ ತೆರೆಯಲ್ಲ."

ಇಬ್ಬರೂ ಸೇರಿ ಇನ್ನೊಮ್ಮೆ ಬರೆದೆವು. ತಪ್ಪಾಯಿತು, ಕಳ್ಳರಿರಲಿಲ್ಲ, ಅವರ ತಾಯಿ, ದಿನಕ್ಕೊಂದು ಸುತ್ತು ಬಸ್ಸು ಅಷ್ಟೇ, ಖಾತೆ ಮತ್ತೆ ತೆರೆದುಕೊಡಿ. ನಾನು ಬಾಯಲ್ಲಿ ಹೇಳಿದೆ, ಅವನು ಬರೆದ. "ಸುಮ್ನಿದ್ದಿದ್ರೆ ಅವರಿಗೆ ಗೊತ್ತೇ ಆಗ್ತಿರ್ಲಿಲ್ಲ ಅತ್ತಿಗೆ. ಇಂಥ ಅಂಗಡೀಲಿ ಸತ್ತೋರು ಸತ್ತಿಲ್ಲ ಅಂತಾನೇ ಇರ್ಬೇಕು" ಅಂದ. ಬೈದದ್ದಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 21, ಭಾನುವಾರ

ಅಂಗಡಿಯ ಉತ್ತರ ಮತ್ತೆ ಬಂತು. ಸಂತಾಪದಿಂದ ನಕ್ಷತ್ರದವರೆಗೆ ಅವೇ ಮಾತು, ಒಂದಕ್ಷರ ಬದಲಿಲ್ಲ. ಓದಿಯೇ ಇಲ್ಲ.

ಅತ್ತೆಗೆ ಹೇಳಿದೆ. ನಾನು ಬರೆದದ್ದು, ಅವರು ಮುಚ್ಚಿದ್ದು, ಎಲ್ಲ. ಬಹಳ ಹೊತ್ತು ಕೈಚೀಲದ ಜಿಪ್ ಎಳೆಯುತ್ತ ಹಾಕುತ್ತ ಕೂತರು.

"ಅವನು ದುಡ್ಡು ಕೊಟ್ಟು ತಂದಿದ್ದಲ್ವೇನೇ?"

"ಹೌದು ಅತ್ತೆ."

"ಮತ್ತೆ ಅವರದು ಹೇಗಾಗುತ್ತೆ?"

ಅವರು ಬರೆದದ್ದನ್ನೇ ಓದಿ ಹೇಳಿದೆ, ಆಟವನ್ನಲ್ಲ, ಆಡುವ ಅನುಮತಿಯನ್ನು.

ಮೈದುನ ಪೂರ್ತಿ ಸುತ್ತನ್ನು ಫೋನಿನಲ್ಲಿ ವೀಡಿಯೋ ಮಾಡಿಟ್ಟ. ತೋರಿಸಿದ. ಅತ್ತೆ ನೋಡಿದರು. "ಚೆನ್ನಾಗಿದೆ ಕಣೋ. ಆದ್ರೆ ಇದು ಸಿನಿಮಾ. ಇದರಲ್ಲಿ ನಾನು ಕೂತಿಲ್ಲ" ಅಂದರು.

ಆಮೇಲೆ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಊಟದ ಮನೆಯ ಸ್ಟೂಲ್ ತಂದು ಪಕ್ಕದಲ್ಲಿ ಕೂತೆ. ಮೊದಲ ಸಲ ಸುತ್ತು ಪೂರ್ತಿ ನೋಡಿದೆ. ಕೊನೆಗೆ ಒಂದು ತಿರುವು. ನೀಲಿ ಬಾಗಿಲ ಅಂಗಡಿ, ಗಾಜಿನ ಹಿಂದೆ ಹ್ಯಾಂಗರ್‌ಗಳ ಸಾಲು. ಬೋರ್ಡು — 'ಇಸ್ತ್ರಿ ಜಂಕ್ಷನ್'. ಬಸ್ಸು ನಿಂತಿತು.

"ಇಲ್ಲಿ ಮಾತ್ರ ಜಾಸ್ತಿ ಹೊತ್ತು ನಿಲ್ಲುತ್ತೆ ಕಣೇ" ಅಂದರು ಅತ್ತೆ. "ಯಾರೂ ಹತ್ತಲ್ಲ, ಯಾರೂ ಇಳಿಯಲ್ಲ. ಯಾಕೋ ಅಂತ ಅವನಿದ್ದಾಗ ಒಂದ್ಸಲ ಕೇಳಿದ್ದೆ. ಅವಳ ಕೆಲಸ ಮುಗೀಬೇಕಲ್ಲಮ್ಮ ಅಂದ."

ಬಸ್ಸು ಹೊರಡುವವರೆಗೆ ಗಾಜಿನ ಹಿಂದಿನ ಹ್ಯಾಂಗರ್ ಎಣಿಸಿದೆ.

ಮಾರ್ಚ್ 24, ಸಂಜೆ ಐದು

ಬೀದಿಯಲ್ಲಿ ಆಟೋದಲ್ಲಿ ಮೈಕ್ ಹಾಕಿಕೊಂಡು ಹೇಳಿ ಹೋದರು. ಹೊಸ ಟ್ರಾನ್ಸ್‌ಫಾರ್ಮರ್ ಕೂರಿಸುತ್ತಾರಂತೆ, ಸಂಜೆಯವರೆಗೆ ಕೆಲಸ. ಇಷ್ಟು ದಿನ ಕರೆಂಟ್ ಹೋದರೂ ಕೂಡಲೇ ಬರುತ್ತಿತ್ತು. ಇವರು ಇಟ್ಟಿದ್ದ ಬ್ಯಾಟರಿ ಪೆಟ್ಟಿಗೆ ಅಷ್ಟಕ್ಕೆ ತಡೆಯುತ್ತಿತ್ತು. ಮೈದುನನಿಗೆ ಫೋನ್ ಮಾಡಿದೆ. ಹುಡುಕಿದ್ದಾನೆ. ಸಂಜೆಯವರೆಗೆ ಎಳೆಯುವಂಥ ಬ್ಯಾಟರಿ ಅವನ ಹತ್ತಿರ ಇಲ್ಲ, ಅವನಿಗೆ ಗೊತ್ತಿರುವವರ ಹತ್ತಿರವೂ ಇಲ್ಲ.

ಓನರ್ ಹತ್ತಿರ ರಜೆ ಕೇಳಿದೆ. ಯಾಕೆ ಅಂದರು. ಅತ್ತೆಯನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಬೇಕು ಅಂದೆ. ಹೋಗ್ಬಾಮ್ಮ ಅಂದರು.

ಅತ್ತೆ ಕೈಚೀಲ ಈಗಲೇ ಬಾಗಿಲ ಹತ್ತಿರ ತೆಗೆದಿಟ್ಟಿದ್ದಾರೆ. ಬೆಳಿಗ್ಗೆ ಬೇಗ ಏಳಿಸು ಅಂದರು, ಕರೆಂಟ್ ಇರುವಾಗಲೇ ಇಸ್ತ್ರಿ ಜಂಕ್ಷನ್ ಮುಟ್ಟಬೇಕು.

ನಾಳೆ ಒಂಬತ್ತಕ್ಕೆ ಕರೆಂಟ್ ತೆಗೆಯುತ್ತಾರೆ.